ನಾಲ್ಕು ಸ್ಥಾನಪಲ್ಲಟ, ನಾಲ್ಕು ಉತ್ತರ: ಯಾವುದು ಸರಿ?

ಪ್ರಶ್ನೆ: ಸರ್, ನಾನು ಗದಗಿನಲ್ಲಿ ಪಿಯುಸಿ ಮೊದಲ ವರ್ಷ ವಿಜ್ಞಾನ ಓದುತ್ತಿದ್ದೇನೆ. ಎಸ್‌ಎಸ್‌ಎಲ್‌ಸಿವರೆಗೆ ರೋಣ ತಾಲ್ಲೂಕಿನ ನಮ್ಮೂರಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದೆ. ಹೋಂವರ್ಕ್‌ಗೆ ಕೊಟ್ಟ ಒಂದು ಲೆಕ್ಕ ಹೀಗಿದೆ. ಒಬ್ಬ ಹುಡುಗ ಮೈದಾನದಲ್ಲಿ 50 ಮೀಟರ್ ಪೂರ್ವಕ್ಕೆ ನಡೆಯುತ್ತಾನೆ. ಅಲ್ಲಿಂದ ಉತ್ತರದಿಂದ ಪಶ್ಚಿಮಕ್ಕೆ 30° ವಾಲಿದ ದಿಕ್ಕಿನಲ್ಲಿ 60 ಮೀಟರ್, ನಂತರ ಪಶ್ಚಿಮದಿಂದ ದಕ್ಷಿಣಕ್ಕೆ 37° ವಾಲಿದ ದಿಕ್ಕಿನಲ್ಲಿ 50 ಮೀಟರ್, ಕೊನೆಗೆ ನೇರ ದಕ್ಷಿಣಕ್ಕೆ 10 ಮೀಟರ್. ಅವನ ಸ್ಥಾನಪಲ್ಲಟ, ಅಂದರೆ ಹೊರಟ ಜಾಗದಿಂದ ತಲುಪಿದ ಜಾಗಕ್ಕೆ ನೇರ ಅಂತರ, ಎಷ್ಟು, ಯಾವ ದಿಕ್ಕಿಗೆ? ಒಬ್ಬ ಗೆಳತಿಗೆ 170 ಮೀಟರ್ ಬಂತು, ಇನ್ನೊಬ್ಬಳಿಗೆ 43. ನಾನು ಸೂತ್ರ ಹಾಕಿದಾಗ 23.3 ಮೀಟರ್ ಬಂತು. ಮೊಬೈಲಿನ ಕ್ಯಾಲ್ಕುಲೇಟರ್ ಕೋನವನ್ನು −31° ಅಂತ ತೋರಿಸಿತು, ಅದಕ್ಕೆ ಪೂರ್ವದಿಂದ ದಕ್ಷಿಣಕ್ಕೆ 31° ಎಂದು ಬರೆದೆ. ಗ್ರಾಫ್ ಹಾಳೆಯಲ್ಲಿ ಬರೆದು ನೋಡಿದರೆ 24 ಮೀಟರ್, ಅದೂ ವಾಯವ್ಯದ ಕಡೆಗೆ. ಟ್ಯೂಷನ್ನಿನಲ್ಲಿ ಗ್ರಾಫ್ ಸಣ್ಣ ಮಕ್ಕಳ ಕೆಲಸ ಅಂದರು, ಅಳಿಸಿಬಿಟ್ಟೆ. ಸಮಾಂತರ ಚತುರ್ಭುಜ ನಿಯಮ ಎರಡೇ ಸದಿಶಗಳಿಗೆ (ಪರಿಮಾಣ, ದಿಕ್ಕು ಎರಡೂ ಇರುವ ರಾಶಿಗಳಿಗೆ) ಅನ್ನುತ್ತಾರೆ. ನಾಲ್ಕಿದ್ದರೆ ಏನು ಮಾಡಬೇಕು? ಕೊಟ್ಟ ಕ್ರಮದಲ್ಲೇ ಕೂಡಿಸಬೇಕೇ? ನನಗೆ ಗಣಿತವೇ ಬರುವುದಿಲ್ಲವೇನೋ ಎಂಬ ಭಯ ಹತ್ತಿದೆ.

ಉತ್ತರ: ನೋಡವ್ವಾ, ನೀನು ಅಳಿಸಿದ ಗ್ರಾಫೇ ಸರಿ ಇತ್ತು. ಆ ಹುಡುಗ ಹೊರಟ ಜಾಗದಿಂದ ಸುಮಾರು 23.3 ಮೀಟರ್ ದೂರದಲ್ಲಿ, ಪಶ್ಚಿಮದಿಂದ ಉತ್ತರಕ್ಕೆ 31° ವಾಲಿದ ದಿಕ್ಕಿನಲ್ಲಿ ಇದ್ದಾನೆ. ನಿನ್ನ ಸೂತ್ರದ ಉತ್ತರದಲ್ಲಿ ಪರಿಮಾಣ ಸರಿ, ದಿಕ್ಕು ಮಾತ್ರ ನೇರ ವಿರುದ್ಧ. ಗ್ರಾಫಿನಲ್ಲಿ ದಿಕ್ಕು ಸರಿ, ಪರಿಮಾಣದಲ್ಲಿ ಅಳತೆಯ ಸಣ್ಣ ವ್ಯತ್ಯಾಸ. ಎರಡನ್ನೂ ಪಕ್ಕಪಕ್ಕ ಇಟ್ಟು, ಇವೆರಡೂ ಯಾಕೆ ಹೊಂದುತ್ತಿಲ್ಲ ಎಂದು ನಿನಗೆ ಅನುಮಾನ ಬಂತಲ್ಲ, ಭೌತಶಾಸ್ತ್ರ ಓದುವವರಿಗೆ ಬೇಕಾದದ್ದು ಆ ಅನುಮಾನವೇ. ಗಣಿತ ಬಾರದವರಿಗೆ ಅದು ಬರುವುದಿಲ್ಲ.

ಭಯಕ್ಕೆ ಕಾರಣ ಏನೆಂದು ಮೊದಲು ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ಸ್ಥಾನಪಲ್ಲಟ ಕಲಿತಾಗ ಚಲನೆಯೆಲ್ಲ ಒಂದೇ ಗೆರೆಯ ಮೇಲೆ ಇತ್ತು. ಮುಂದೆ ಹೋದರೆ ಕೂಡಿಸು, ಹಿಂದೆ ಬಂದರೆ ಕಳೆ, ಅಷ್ಟೇ. ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ಕೋನಗಳೆಲ್ಲ ಲಂಬಕೋನ ತ್ರಿಭುಜದ ಒಳಗೆ, 90 ಡಿಗ್ರಿಯ ಒಳಗೇ ಇದ್ದವು. ಪಿಯುಸಿಗೆ ಬಂದೊಡನೆ ಸಮತಲದ ಮೇಲಿನ ಚಲನೆ. ಕೋನವನ್ನು ಒಮ್ಮೆ ಪೂರ್ವದಿಂದ ಅಳೆದು ಕೊಡುತ್ತಾರೆ, ಒಮ್ಮೆ ಉತ್ತರದಿಂದ. ಫಲಿತ, ಅಂದರೆ ಎಲ್ಲ ಕೂಡಿಸಿ ಬಂದ ಸದಿಶ, ಯಾವ ಮೂಲೆಗೆ ಹೋಗಿ ಕೂರುತ್ತದೋ ಗೊತ್ತಿರುವುದಿಲ್ಲ. ನಡುವಿನ ಈ ಮೆಟ್ಟಿಲನ್ನು ಯಾರೂ ನಿಧಾನವಾಗಿ ಹತ್ತಿಸುವುದಿಲ್ಲ, ಸಿಲೆಬಸ್ ಓಡುತ್ತಿರುತ್ತದೆ. ಧಾರವಾಡದಲ್ಲಿ ಪಿಯು ಮಕ್ಕಳಿಗೆ ಕಲಿಸುತ್ತ ಬಂದವನಾಗಿ ಹೇಳುತ್ತೇನೆ, ಇಲ್ಲಿ ಎಡವುವುದಕ್ಕೂ ಓದಿದ ಮಾಧ್ಯಮಕ್ಕೂ ಸಂಬಂಧ ಇಲ್ಲ. ಇಂಗ್ಲಿಷ್ ಮಾಧ್ಯಮದಲ್ಲೇ ಓದಿ ಬಂದವರೂ ಇದೇ ಜಾಗಗಳಲ್ಲಿ ಎಡವುತ್ತಾರೆ.

ನಿಮ್ಮ ನಾಲ್ಕು ಉತ್ತರಗಳಲ್ಲಿ ಯಾವುದೂ ಸುಮ್ಮನೆ ಬಂದದ್ದಲ್ಲ. ಒಂದೊಂದಕ್ಕೂ ಒಂದೊಂದು ಕಾರಣ ಇದೆ, ಆ ಕಾರಣ ಗೊತ್ತಾದರೆ ನಿನ್ನ ಗೆಳತಿಯರಿಗೂ ನೀನೇ ಹೇಳಿಕೊಡಬಹುದು.

170 ಮೀಟರ್ ಎಂಬುದು ಅವನು ಕ್ರಮಿಸಿದ ದೂರ. 50, 60, 50, 10 ಕೂಡಿಸಿದರೆ ಅದು. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬಂದರೆ ಗಾಲಿ ಉರುಳುವುದು ಇಪ್ಪತ್ತು ಕಿಲೋಮೀಟರ್ ಮೀರಿ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ಎರಡು ಊರುಗಳ ನಡುವೆ 16 ಕಿಲೋಮೀಟರ್ ಆಸುಪಾಸು. ಬಸ್ಸಿನ ಮೀಟರ್ ಎಣಿಸುವುದು ಮೊದಲನೆಯದನ್ನು, ಸ್ಥಾನಪಲ್ಲಟ ಕೇಳುವುದು ಎರಡನೆಯದನ್ನು. ಆದರೂ 170 ಪೂರ್ತಿ ವ್ಯರ್ಥ ಅಲ್ಲ. ಅದು ಮೇಲಿನ ಮಿತಿ. ನಾಲ್ಕೂ ನಡಿಗೆ ಒಂದೇ ದಿಕ್ಕಿಗೆ ಇದ್ದಿದ್ದರೆ ಮಾತ್ರ ಫಲಿತ ಅಷ್ಟಾಗುತ್ತಿತ್ತು, ಅದಕ್ಕಿಂತ ಹೆಚ್ಚು ಎಂದೂ ಆಗದು. ಕೆಳಗಿನ ಮಿತಿ ಇಲ್ಲಿ ಸೊನ್ನೆ. ಯಾಕೆಂದರೆ ಎಲ್ಲಕ್ಕಿಂತ ಉದ್ದದ ನಡಿಗೆ 60 ಮೀಟರ್, ಉಳಿದ ಮೂರರ ಮೊತ್ತ 110. ದಿಕ್ಕುಗಳನ್ನು ಬೇಕಾದ ಹಾಗೆ ಆರಿಸಿಕೊಂಡರೆ ಹೊರಟ ಜಾಗಕ್ಕೇ ಬಂದು ನಿಲ್ಲಬಹುದು. ನಿನ್ನ ಉತ್ತರ ಸೊನ್ನೆಗೂ 170ಕ್ಕೂ ನಡುವೆ ಎಲ್ಲಾದರೂ ಇರಬಹುದು. ನಾಲ್ಕು ಕೂಡಿದ ಮೇಲೆ ಉತ್ತರ ಪ್ರತಿಯೊಂದಕ್ಕಿಂತ ದೊಡ್ಡದೇ ಆಗಬೇಕು ಎಂಬ ನಂಬಿಕೆ ಬಹಳ ಮಕ್ಕಳಲ್ಲಿ ಇದೆ, ಅದನ್ನು ಬಿಡಬೇಕು.

43ರ ಕಾರಣ ಸ್ವಲ್ಪ ಆಳದ್ದು. ತರಗತಿಗಳಲ್ಲಿ ಒಂದು ಮಾತು ಓಡಾಡುತ್ತಿರುತ್ತದೆ: "ಎಕ್ಸ್ ಅಂದ್ರ ಕಾಸ್, ವೈ ಅಂದ್ರ ಸೈನ್, ಅಷ್ಟ ನೆನಪಿಡ್ರಿ." ಪೂರ್ವ-ಪಶ್ಚಿಮದ ಗೆರೆಯಿಂದ ಕೋನ ಅಳೆದಿದ್ದರೆ ಈ ಮಾತು ನಡೆಯುತ್ತದೆ. ನಿನ್ನ ಲೆಕ್ಕದ ಎರಡನೇ ನಡಿಗೆಯಲ್ಲಿ ಕೋನ ಅಳೆದಿರುವುದು ಉತ್ತರದಿಂದ. ಆ 30 ಡಿಗ್ರಿ ಉತ್ತರದ ಗೆರೆಗೆ ಅಂಟಿಕೊಂಡಿದೆ. ಚಿತ್ರ ಬರೆದರೆ ಲಂಬಕೋನ ತ್ರಿಭುಜದಲ್ಲಿ ಆ ಕೋನದ ಪಾರ್ಶ್ವ ಬಾಹು ಉತ್ತರದ ಕಡೆಯದು, ಅಭಿಮುಖ ಬಾಹು ಪಶ್ಚಿಮದ ಕಡೆಯದು. ಆದ್ದರಿಂದ ಉತ್ತರಕ್ಕೆ 60 ಗುಣಿಸು ಕಾಸ್ 30, ಅಂದರೆ 52 ಮೀಟರ್. ಪಶ್ಚಿಮಕ್ಕೆ 60 ಗುಣಿಸು ಸೈನ್ 30, ಅಂದರೆ 30 ಮೀಟರ್. ನಿನ್ನ ಗೆಳತಿ ಇವೆರಡನ್ನು ಅದಲುಬದಲು ಮಾಡಿದ್ದಾಳೆ, ಉಳಿದದ್ದೆಲ್ಲ ಸರಿಯಾಗಿಯೇ ಮಾಡಿದ್ದಾಳೆ. ಹಾಗೆ ಮಾಡಿದರೆ ಪಶ್ಚಿಮಕ್ಕೆ 42, ದಕ್ಷಿಣಕ್ಕೆ 10 ಉಳಿದು ಫಲಿತ 43 ಆಗುತ್ತದೆ. ನೆನಪಿಡಬೇಕಾದ್ದು ಇಷ್ಟೇ: ಕೋನ ಯಾವ ಗೆರೆಗೆ ಅಂಟಿದೆಯೋ ಆ ಗೆರೆಯ ಮೇಲೆ ಬೀಳುವ ಭಾಗಕ್ಕೆ, ಅಂದರೆ ಘಟಕಕ್ಕೆ, ಕಾಸ್, ಇನ್ನೊಂದಕ್ಕೆ ಸೈನ್. ಎಕ್ಸ್, ವೈ ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ.

ಈಗ ಲೆಕ್ಕವನ್ನು ಮೊದಲಿಂದ ಮಾಡೋಣ. ಅಂಗಡಿಯ ಖಾತೆ ಪುಸ್ತಕದಲ್ಲಿ ಜಮಾ ಮತ್ತು ಖರ್ಚು ಬರೆಯುವ ಹಾಗೆ ಪೂರ್ವ-ಪಶ್ಚಿಮಕ್ಕೆ ಒಂದು ಕಾಲಂ, ಉತ್ತರ-ದಕ್ಷಿಣಕ್ಕೆ ಒಂದು ಕಾಲಂ ಹಾಕು. ಪೂರ್ವ ಮತ್ತು ಉತ್ತರ ಜಮಾ, ಪಶ್ಚಿಮ ಮತ್ತು ದಕ್ಷಿಣ ಖರ್ಚು. ಒಂದು ಕಾಲಮಿನದು ಇನ್ನೊಂದಕ್ಕೆ ಎಂದೂ ಸೇರಬಾರದು.

ಮೊದಲ ನಡಿಗೆ: ಪೂರ್ವಕ್ಕೆ 50, ಉತ್ತರ-ದಕ್ಷಿಣದಲ್ಲಿ ಏನೂ ಇಲ್ಲ.
ಎರಡನೆಯದು: ಪಶ್ಚಿಮಕ್ಕೆ 30, ಉತ್ತರಕ್ಕೆ 52.
ಮೂರನೆಯದು: ಪಶ್ಚಿಮಕ್ಕೆ 40, ದಕ್ಷಿಣಕ್ಕೆ 30.
ನಾಲ್ಕನೆಯದು: ದಕ್ಷಿಣಕ್ಕೆ 10.

ಮೂರನೆಯದರಲ್ಲಿ 37 ಡಿಗ್ರಿಗೆ ಕಾಸ್ 0.8, ಸೈನ್ 0.6 ಹಿಡಿದಿದ್ದೇನೆ. ಬಾಹುಗಳು 3, 4, 5 ಇರುವ ತ್ರಿಭುಜದ ಸಣ್ಣ ಕೋನ 36.87°, ಅದನ್ನೇ 37 ಎಂದು ಬಳಸುವುದು ರೂಢಿ. ಸಿಇಟಿ, ನೀಟ್ ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ, ಹಾಗಾಗಿ ಈ ಬೆಲೆಗಳು ಬಾಯಿಗೆ ಬರಬೇಕು. ಮೊದಲ ಕಾಲಮಿನ ಬಾಕಿ: 50ರಲ್ಲಿ 30 ಮತ್ತು 40 ಹೋದರೆ ಪಶ್ಚಿಮಕ್ಕೆ 20. ಎರಡನೆಯದರ ಬಾಕಿ: 52ರಲ್ಲಿ 30 ಮತ್ತು 10 ಹೋದರೆ ಉತ್ತರಕ್ಕೆ 12. ಎರಡರ ವರ್ಗ 400 ಮತ್ತು 144, ಮೊತ್ತ 544, ವರ್ಗಮೂಲ 23.3. ನಿನಗೂ ಇಲ್ಲಿಯವರೆಗೆ ಸರಿಯಾಗಿಯೇ ಬಂದಿದೆ.

ದಾರಿ ತಪ್ಪಿದ್ದು ಕೊನೆಯ ಹೆಜ್ಜೆಯಲ್ಲಿ. ನೀನು 12ನ್ನು −20ರಿಂದ ಭಾಗಿಸಿದೆ, −0.6 ಬಂತು. ಭಾಗಲಬ್ಧದಿಂದ ಕೋನ ಕೊಡುವ ಟ್ಯಾನ್ ಇನ್ವರ್ಸ್ ಒತ್ತಿದೆ, −31° ಬಂತು. ಯಂತ್ರ ಸುಳ್ಳು ಹೇಳಿಲ್ಲ. ಆದರೆ ಯೋಚಿಸು, −12ನ್ನು 20ರಿಂದ ಭಾಗಿಸಿದ್ದರೂ ಅದೇ −0.6 ಬರುತ್ತಿತ್ತು. ಅಂದರೆ ಪಶ್ಚಿಮಕ್ಕೆ 20 ಉತ್ತರಕ್ಕೆ 12 ಇರುವವನೂ, ಪೂರ್ವಕ್ಕೆ 20 ದಕ್ಷಿಣಕ್ಕೆ 12 ಇರುವವನೂ ಭಾಗಾಕಾರ ಆದ ಮೇಲೆ ಒಂದೇ ರೀತಿ ಕಾಣುತ್ತಾರೆ. ಋಣ ಚಿಹ್ನೆ ಮೇಲಿನದೋ ಕೆಳಗಿನದೋ ಎಂಬ ಮಾಹಿತಿ ಭಾಗಿಸಿದ ಕ್ಷಣಕ್ಕೇ ಅಳಿಸಿಹೋಯಿತು. ಕ್ಯಾಲ್ಕುಲೇಟರಿಗೆ ಸಿಕ್ಕಿದ್ದು ಬರೀ −0.6. ಅದು ಯಾವಾಗಲೂ −90ಕ್ಕೂ +90ಕ್ಕೂ ನಡುವಿನ ಕೋನವನ್ನೇ ಕೊಡುತ್ತದೆ, ಅಂದರೆ ಪೂರ್ವದ ಅರ್ಧವನ್ನು ಮಾತ್ರ. ಫಲಿತ ಪಶ್ಚಿಮದ ಅರ್ಧದಲ್ಲಿದ್ದರೆ ಅದು ಹೇಳಿದ ದಿಕ್ಕು ಸರಿಯಾಗಿ 180 ಡಿಗ್ರಿ ತಿರುಗಿರುತ್ತದೆ. ಧನ ಚಿಹ್ನೆ ಬಂದಾಗಲೂ ಇದೇ ಅಪಾಯ ಇದೆ. ಎರಡೂ ಘಟಕ ಋಣವಾಗಿದ್ದರೆ ಭಾಗಲಬ್ಧ ಧನವಾಗಿ, ನೈಋತ್ಯದಲ್ಲಿರುವ ಫಲಿತ ಈಶಾನ್ಯದಲ್ಲಿ ಇದ್ದಂತೆ ತೋರುತ್ತದೆ. ಮಕ್ಕಳು ಇದನ್ನು ಗಮನಿಸುವುದೇ ಇಲ್ಲ, ಯಾಕೆಂದರೆ ಋಣ ಚಿಹ್ನೆ ಕಂಡರೆ ಬರುವ ಅನುಮಾನ ಧನ ಕಂಡರೆ ಬರುವುದಿಲ್ಲ.

ನಾನು ಕಲಿಸುವ ದಾರಿ ಹೀಗಿದೆ. ಕೋನ ತೆಗೆಯುವಾಗ ಚಿಹ್ನೆ ಮರೆತುಬಿಡು. 12ನ್ನು 20ರಿಂದ ಭಾಗಿಸು, 0.6, ಅದರ ಕೋನ 31°. ಆಮೇಲೆ ನಿನ್ನ ಎರಡು ಬಾಕಿಗಳನ್ನು ನೋಡಿ ಬಾಯಿಮಾತಿನಲ್ಲಿ ದಿಕ್ಕು ಹೇಳು: ಪಶ್ಚಿಮಕ್ಕೆ 20, ಉತ್ತರಕ್ಕೆ 12, ಆದ್ದರಿಂದ ಪಶ್ಚಿಮದಿಂದ ಉತ್ತರಕ್ಕೆ 31°. ಪೂರ್ವದಿಂದ ಅಪ್ರದಕ್ಷಿಣವಾಗಿ ಅಳೆದು ಕೊಡಿ ಎಂದು ಕೇಳಿದರೆ 180ರಲ್ಲಿ 31 ಕಳೆದು 149° ಎಂದು ಬರೆ. ಮೊಬೈಲಿನ ಬಗ್ಗೆ ಇನ್ನೊಂದು ಎಚ್ಚರಿಕೆ: ಸೈನ್ 30 ಒತ್ತಿದಾಗ 0.5 ಬದಲು −0.988 ಬಂದರೆ ಅದು ಡಿಗ್ರಿಯ ಬದಲು ರೇಡಿಯನ್ನಿನಲ್ಲಿ ಲೆಕ್ಕ ಹಾಕುತ್ತಿದೆ. ಲೆಕ್ಕ ಶುರು ಮಾಡುವ ಮುಂಚೆ ಒಮ್ಮೆ ಸೈನ್ 30 ಒತ್ತಿ ನೋಡುವುದು ಒಳ್ಳೆಯ ಅಭ್ಯಾಸ.

ಇನ್ನು ಗ್ರಾಫ್ ಸಣ್ಣ ಮಕ್ಕಳ ಕೆಲಸ ಎಂಬ ಮಾತು. ಇದನ್ನು ನಾನು ಒಪ್ಪುವುದಿಲ್ಲ, ಮತ್ತು ಹಾಗೆ ಹೇಳುವುದರಿಂದ ಮಕ್ಕಳಿಗೆ ನಷ್ಟ ಆಗುತ್ತಿದೆ ಎಂದು ನನ್ನ ಖಚಿತ ಅಭಿಪ್ರಾಯ. ಒಂದು ಬಾಣದ ತುದಿಗೆ ಮುಂದಿನ ಬಾಣದ ಬುಡ ಇಟ್ಟು ಹೋಗುವುದೇ ಬಹುಭುಜ ನಿಯಮ. ಎರಡು ಸದಿಶ ಇದ್ದರೆ ಅದೇ ತ್ರಿಭುಜ ನಿಯಮ, ನಾಲ್ಕೇ ಇರಲಿ ಹದಿನಾಲ್ಕೇ ಇರಲಿ ವಿಧಾನ ಬದಲಾಗುವುದಿಲ್ಲ. ಮೊದಲ ಬುಡದಿಂದ ಕೊನೆಯ ತುದಿಗೆ ಗೆರೆ ಎಳೆದರೆ ಮುಗಿಯಿತು. ಸೂತ್ರಗಳೆಲ್ಲ ಈ ಚಿತ್ರದಿಂದಲೇ ಹುಟ್ಟಿದ್ದು. ಗ್ರಾಫಿನ ದೌರ್ಬಲ್ಯ ಅಳತೆಯ ನಿಖರತೆ ಮಾತ್ರ. ಒಂದು ಸೆಂಟಿಮೀಟರಿಗೆ 5 ಮೀಟರ್ ಎಂದು ಇಟ್ಟುಕೊಂಡರೆ ಪೆನ್ಸಿಲಿನ ಒಂದು ಮಿಲಿಮೀಟರ್ ಅರ್ಧ ಮೀಟರಿಗೆ ಸಮ. ಕೋನಮಾಪಕವನ್ನು ಒಂದು ಡಿಗ್ರಿ ತಪ್ಪಿ ಇಟ್ಟರೆ 60 ಮೀಟರಿನ ಗೆರೆಯ ತುದಿ ಒಂದು ಮೀಟರಿನಷ್ಟು ಪಕ್ಕಕ್ಕೆ ಸರಿಯುತ್ತದೆ. ಅಂಥದ್ದರಲ್ಲಿ 23.3ರ ಜಾಗದಲ್ಲಿ ನಿನಗೆ 24 ಬಂದಿದೆ, ಅದು ಒಳ್ಳೆಯ ಚಿತ್ರ.

ಕೊಟ್ಟ ಕ್ರಮದಲ್ಲೇ ಕೂಡಿಸಬೇಕೇ ಎಂದು ಕೇಳಿದ್ದೀಯ. ಬೇಕಿಲ್ಲ. ಹಿಂದುಮುಂದು ಮಾಡಿ ನೋಡು: ಮೊದಲು ದಕ್ಷಿಣಕ್ಕೆ 10, ಆಮೇಲೆ ಎರಡನೆಯದು, ಮೂರನೆಯದು, ಕೊನೆಗೆ ಪೂರ್ವಕ್ಕೆ 50. ದಾರಿಯ ಆಕಾರ ಬೇರೆಯಾಗುತ್ತದೆ, ತಲುಪುವ ಜಾಗ ಅದೇ, ಪಶ್ಚಿಮಕ್ಕೆ 20 ಉತ್ತರಕ್ಕೆ 12. ಕಾಲಂ ಹಾಕಿ ಕೂಡಿಸಿದಾಗಲೇ ಇದು ಗೊತ್ತಾಗಬೇಕು. 50, −30, −40 ಎಂಬ ಅಂಕಿಗಳನ್ನು ಯಾವ ಕ್ರಮದಲ್ಲಿ ಕೂಡಿಸಿದರೂ −20 ತಾನೇ?

ಆದರೆ ಒಂದು ಕಡೆ ಜಾಗ್ರತೆ ಬೇಕು, ಬಹುಶಃ ನಿಮ್ಮ ಟ್ಯೂಷನ್ನಿನವರು ಹೇಳಲು ಹೊರಟಿದ್ದು ಇದೇ ಇರಬಹುದು. ಕೆಲವು ಲೆಕ್ಕಗಳಲ್ಲಿ ದಿಕ್ಕನ್ನು ಪೂರ್ವ, ಉತ್ತರ ಎಂದು ಕೊಡದೆ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಕೊಡುತ್ತಾರೆ. ಪೂರ್ವಕ್ಕೆ ಮುಖ ಮಾಡಿ ನಿಂತವನು 30 ಮೀಟರ್ ನಡೆದು, ಎಡಕ್ಕೆ ತಿರುಗಿ 40 ಮೀಟರ್ ನಡೆದರೆ ಹೊರಟ ಜಾಗದಿಂದ 50 ಮೀಟರ್ ದೂರ ಇರುತ್ತಾನೆ. ಸೂಚನೆಗಳನ್ನೇ ಅದಲುಬದಲು ಮಾಡಿ, ಮೊದಲು ಎಡಕ್ಕೆ ತಿರುಗಿ 40, ಆಮೇಲೆ 30 ನಡೆ ಎಂದರೆ ಅವನು ಉತ್ತರಕ್ಕೆ 70 ಮೀಟರ್ ಹೋಗಿರುತ್ತಾನೆ. ಇಲ್ಲಿ ಬದಲಾದದ್ದು ಕೂಡಿಸುವ ಕ್ರಮ ಅಲ್ಲ, ಸದಿಶಗಳೇ ಬದಲಾದವು. ಇಂಥ ಲೆಕ್ಕ ಬಂದರೆ ಕೊಟ್ಟ ಕ್ರಮದಲ್ಲೇ ಚಿತ್ರ ಬರೆದು, ಪ್ರತಿ ನಡಿಗೆಯ ದಿಕ್ಕನ್ನು ನೆಲದ ಮೇಲೆ ಗಟ್ಟಿ ಮಾಡಿಕೊ. ಅದಾದ ಮೇಲೆ ಯಾವ ಕ್ರಮದಲ್ಲಾದರೂ ಕೂಡಿಸು.

ಭೂಮಿ ಗುಂಡಗಿದೆಯಲ್ಲ, ಆಗ ಕ್ರಮ ಮುಖ್ಯ ಆಗುವುದಿಲ್ಲವೇ ಎಂದು ಚುರುಕು ಮಕ್ಕಳು ಕೇಳುತ್ತಾರೆ. ಆಗುತ್ತದೆ. ಆದರೆ ನಮ್ಮ ಅಕ್ಷಾಂಶದಲ್ಲಿ ಉತ್ತರಕ್ಕೆ 100, ಪೂರ್ವಕ್ಕೆ 100 ಕಿಲೋಮೀಟರ್ ಹೋಗುವುದಕ್ಕೂ ಅದನ್ನೇ ತಿರುಗಿಸಿ ಹೋಗುವುದಕ್ಕೂ ತಲುಪುವ ಜಾಗದಲ್ಲಿ ಅರ್ಧ ಕಿಲೋಮೀಟರಿಗಿಂತ ಕಡಿಮೆ ವ್ಯತ್ಯಾಸ. ಮೈದಾನದ ಲೆಕ್ಕಕ್ಕೆ ಅದು ಬೇಡ.

ಸಮಾಂತರ ಚತುರ್ಭುಜ ನಿಯಮದ ವಿಷಯ. ಎರಡು ಬಾಣಗಳ ಬುಡವನ್ನು ಒಂದೇ ಬಿಂದುವಿಗೆ ತಂದು, ಅವುಗಳನ್ನೇ ಬಾಹುಗಳಾಗಿ ಹಿಡಿದು ಸಮಾಂತರ ಚತುರ್ಭುಜ ಬರೆದರೆ, ಆ ಬಿಂದುವಿನಿಂದ ಹೊರಟ ಕರ್ಣವೇ ಫಲಿತ. ನ್ಯೂಟನ್ 1687ರಲ್ಲಿ ಚಲನೆಯ ಮೂರು ನಿಯಮಗಳ ಬೆನ್ನಿಗೇ ಇಟ್ಟದ್ದು ಇದನ್ನು, ಅಷ್ಟು ಮುಖ್ಯವಾದದ್ದು. ಆದರೆ ಅದು ಒಮ್ಮೆಗೆ ಎರಡನ್ನೇ ಕೂಡಿಸುತ್ತದೆ. ನಾಲ್ಕಿದ್ದರೆ ಮೊದಲೆರಡರ ಫಲಿತ ತೆಗೆದು, ಅದಕ್ಕೆ ಮೂರನೆಯದು, ಆ ಫಲಿತಕ್ಕೆ ನಾಲ್ಕನೆಯದು ಕೂಡಿಸಬೇಕು. ಮಾಡಬಹುದು, ತಪ್ಪೇನಿಲ್ಲ, ಆದರೆ ನಾನು ಸಲಹೆ ಮಾಡುವುದಿಲ್ಲ. ಪ್ರತಿ ಹಂತದಲ್ಲಿ ಹೊಸ ಫಲಿತದ ದಿಕ್ಕು ತೆಗೆದು, ಅದಕ್ಕೂ ಮುಂದಿನ ಸದಿಶಕ್ಕೂ ನಡುವಿನ ಕೋನ ಹುಡುಕಬೇಕು. ನಿನ್ನ ಲೆಕ್ಕದಲ್ಲಿ ಮೊದಲೆರಡರ ಫಲಿತದ ದಿಕ್ಕು ಪೂರ್ವದಿಂದ ಉತ್ತರಕ್ಕೆ ಸುಮಾರು 69°, ಮೂರನೆಯದರೊಂದಿಗೆ ಅದರ ಕೋನ 148°. ಒಂದು ಹಂತದಲ್ಲಿ ಆದ ತಪ್ಪು ಮುಂದಿನದರಲ್ಲಿ ಬೆಳೆಯುತ್ತ ಹೋಗುತ್ತದೆ.

ಅಲ್ಲಿ ಇನ್ನೂ ಒಂದು ಗುಂಡಿ ಇದೆ. ಈ ನಿಯಮದ ಸೂತ್ರದಲ್ಲಿ (A² + B² + 2AB cos θ, ಅದರ ವರ್ಗಮೂಲ) ಬರುವ ಕೋನ θ ಎರಡು ಬಾಣಗಳ ಬುಡಗಳನ್ನು ಒಂದೇ ಬಿಂದುವಿಗೆ ತಂದಾಗ ನಡುವೆ ಕಾಣುವ ಕೋನ. ನಿನ್ನ ಮೊದಲೆರಡು ನಡಿಗೆಗಳಿಗೆ ಅದು 120°. ಆದರೆ ತುದಿಗೆ ಬುಡ ಇಟ್ಟು ಬರೆದ ಚಿತ್ರದಲ್ಲಿ ಮೂಲೆಯ ಒಳಗೆ ಕಾಣುವುದು 60°. ಆ 60ನ್ನೇ ಸೂತ್ರಕ್ಕೆ ಹಾಕಿದರೆ 95 ಮೀಟರ್ ಬರುತ್ತದೆ. ಸರಿಯಾದ 120 ಹಾಕಿದರೆ ಸುಮಾರು 56. ಎರಡೇ ಸದಿಶ ಇದ್ದು, ನಡುವಿನ ಕೋನ ನೇರವಾಗಿ ಕೊಟ್ಟಿದ್ದರೆ ಮಾತ್ರ ಈ ಸೂತ್ರಕ್ಕೆ ಹೋಗು. ಮೂರು ಅಥವಾ ಹೆಚ್ಚಿದ್ದರೆ ಘಟಕಗಳ ಕಾಲಂ ಲೆಕ್ಕವೇ ಸುರಕ್ಷಿತ.

ಈ ಕಾಲಂ ಲೆಕ್ಕ ಬರೀ ಪರೀಕ್ಷೆಯ ಸರಕಲ್ಲ. ಹೊಲದ ಮೋಜಣಿ ಮಾಡುವ ಸರ್ವೇಯರುಗಳು ಬದುವಿನ ಒಂದು ಮೂಲೆಯಿಂದ ಹೊರಟು, ಪ್ರತಿ ಗೆರೆಯ ಉದ್ದ ಮತ್ತು ದಿಕ್ಕು ಅಳೆಯುತ್ತ, ಸುತ್ತಿ ಅದೇ ಮೂಲೆಗೆ ಬರುವ ವಿಧಾನಕ್ಕೆ ಟ್ರಾವರ್ಸ್ ಎನ್ನುತ್ತಾರೆ. ಅವರೂ ಪ್ರತಿ ಗೆರೆಯನ್ನು ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಎಂದು ಒಡೆದು ಎರಡು ಕಾಲಮಿನಲ್ಲಿ ಬರೆಯುತ್ತಾರೆ. ಹೊರಟ ಜಾಗಕ್ಕೇ ಬಂದದ್ದರಿಂದ ಎರಡೂ ಕಾಲಮಿನ ಬಾಕಿ ಸೊನ್ನೆ ಆಗಬೇಕು. ನಿಜವಾದ ಅಳತೆಯಲ್ಲಿ ಪೂರ್ತಿ ಸೊನ್ನೆ ಆಗುವುದು ಅಪರೂಪ, ಸ್ವಲ್ಪ ಉಳಿಯುತ್ತದೆ. ಆ ಉಳಿಕೆ ಎಷ್ಟು ಎಂಬುದೇ ಅಳತೆ ಎಷ್ಟು ಚೆನ್ನಾಗಿದೆ ಎಂಬುದರ ಪರೀಕ್ಷೆ. ಮಿತಿಯೊಳಗೆ ಇದ್ದರೆ ಗೆರೆಗಳ ಉದ್ದಕ್ಕೆ ತಕ್ಕಂತೆ ಅದನ್ನು ಹಂಚಿ ಸರಿಪಡಿಸುತ್ತಾರೆ, ಅದಕ್ಕೆ ಬೌಡಿಚ್ ನಿಯಮ ಎಂದು ಹೆಸರು. ಮಿತಿ ಮೀರಿದ್ದರೆ ಮತ್ತೆ ಹೊಲಕ್ಕೆ ಹೋಗಬೇಕು. ನಿಮ್ಮೂರಿನಲ್ಲಿ ಯಾರದಾದರೂ ಹೊಲದ ಅಳತೆ ನಡೆದರೆ ಹೋಗಿ ನಿಂತು ನೋಡು.

ಪರೀಕ್ಷೆಯಲ್ಲಿ ಏನು ಮಾಡಬೇಕು ಎಂಬುದು ಉಳಿಯಿತು. ಗ್ರಾಫ್ ವಿಧಾನದಿಂದ ಎಂದು ಕೇಳಿದ್ದರೆ ಮಾತ್ರ ಸ್ಕೇಲಿಗೆ ತಕ್ಕ ಚಿತ್ರ ಉತ್ತರ ಆಗುತ್ತದೆ. ಉಳಿದ ಕಡೆ ಮೊದಲು ಕೈಯಿಂದಲೇ ಒಂದು ಸಣ್ಣ ಚಿತ್ರ, ಸ್ಕೇಲ್ ಬೇಡ, ಕೋನಗಳು ಹೆಚ್ಚುಕಡಿಮೆ ಸರಿ ಇದ್ದರೆ ಸಾಕು. ಕೊನೆಯ ತುದಿ ಯಾವ ಮೂಲೆಗೆ ಬಂತು ಎಂದು ನೋಡಿ ಪಕ್ಕದಲ್ಲಿ "ವಾಯವ್ಯ" ಎಂದು ಬರೆದಿಟ್ಟುಕೊ. ಆಮೇಲೆ ಘಟಕಗಳ ಲೆಕ್ಕ. ಕೋನ ಬಂದ ಮೇಲೆ ಆ ಒಂದು ಪದದೊಂದಿಗೆ ಹೊಂದಿಸಿ ನೋಡು. ಹೊಂದಲಿಲ್ಲ ಎಂದರೆ ಚಿತ್ರ ಅಳಿಸಬೇಡ, ಲೆಕ್ಕ ಮತ್ತೊಮ್ಮೆ ನೋಡು, ಮುಖ್ಯವಾಗಿ ಚಿಹ್ನೆಗಳನ್ನು. ಬಹುಆಯ್ಕೆಯ ಪರೀಕ್ಷೆಗಳಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ 170, 43, ಪೂರ್ವದಿಂದ ದಕ್ಷಿಣಕ್ಕೆ 31° ಇಂಥವನ್ನೇ ಪ್ರಶ್ನೆ ತೆಗೆಯುವವರು ಆಯ್ಕೆಗಳಲ್ಲಿ ಇಡುತ್ತಾರೆ. ತಪ್ಪು ಮಾಡಿದವರಿಗೂ ತಮ್ಮ ಉತ್ತರ ಅಲ್ಲಿ ಸಿಗುತ್ತದೆ, ಸರಿ ಇರಬೇಕು ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ.

ಅಭ್ಯಾಸಕ್ಕೆ ನಮ್ಮ ಕಡೆಯದೇ ಒಂದು ಲೆಕ್ಕ ಕೊಡುತ್ತೇನೆ. ಅಂಕಿಗಳು ನಕ್ಷೆಯಿಂದ ತೆಗೆದ ನೇರ ಅಂತರಗಳು, ಕಿಲೋಮೀಟರಿಗೆ ಸರಿಹೊಂದಿಸಿದ್ದೇನೆ. ಧಾರವಾಡದಿಂದ ಹುಬ್ಬಳ್ಳಿ ಪೂರ್ವಕ್ಕೆ 12, ದಕ್ಷಿಣಕ್ಕೆ 10. ಹುಬ್ಬಳ್ಳಿಯಿಂದ ಗದಗ ಪೂರ್ವಕ್ಕೆ 55, ಉತ್ತರಕ್ಕೆ 7. ಗದಗಿನಿಂದ ಹಾವೇರಿ ಪಶ್ಚಿಮಕ್ಕೆ 25, ದಕ್ಷಿಣಕ್ಕೆ 70. ಈ ದಾರಿಯಲ್ಲಿ ಸುತ್ತಿ ಹಾವೇರಿ ಮುಟ್ಟಿದವರ ಸ್ಥಾನಪಲ್ಲಟ ಧಾರವಾಡದಿಂದ ಎಷ್ಟು, ಯಾವ ದಿಕ್ಕಿಗೆ? ಕೈಚಿತ್ರ ಮೊದಲು, ಲೆಕ್ಕ ಆಮೇಲೆ. ಸುಮಾರು 84 ಕಿಲೋಮೀಟರ್, ಪೂರ್ವದಿಂದ ದಕ್ಷಿಣಕ್ಕೆ 60° ಬರಬೇಕು. ಬಂದ ಮೇಲೆ ಊರುಗಳ ಕ್ರಮ ಹಾಗೇ ಬಿಟ್ಟು, ಮೂರು ಸದಿಶಗಳನ್ನು ಮಾತ್ರ ಹಿಂದುಮುಂದು ಮಾಡಿ ಗ್ರಾಫಿನಲ್ಲಿ ಇನ್ನೊಮ್ಮೆ ಬರೆದು ನೋಡು.